ಬೆರಳಿನ ಲೆಕ್ಕ

ಗ್ರಿಮ್ಸ್‌ಬಿ ಬಂದರಿನ ಮೀನುಮನೆಯಲ್ಲಿ
ಮೂವತ್ತೊಂದು ವರ್ಷ ಹ್ಯಾಡಕ್ಕಿನ ಬೆನ್ನುಮೂಳೆ ಬಿಡಿಸಿದ ಕೈ ಅದು.
ಐಸಿನ ನೀರು, ಚೂರಿ, ಮತ್ತೆ ಐಸಿನ ನೀರು.
ಬೆರಳ ತುದಿ ಹಳೇ ಚಪ್ಪಲಿಯ ಅಟ್ಟೆ.
ಚುಚ್ಚಿದರೆ ಮೊದಲ ಸಲ ರಕ್ತ ಬರುವುದಿಲ್ಲ,
ಎರಡನೆಯ ಸಲವೂ.
ಬಾರೇ, ಬಾ, ಎಂದು ಗ್ಲೆನಿಸ್ ಥಾರಟ್
ತನ್ನದೇ ಉಂಗುರಬೆರಳನ್ನು
ಕೆಚ್ಚಲು ಹಿಂಡಿದಂತೆ ಹಿಂಡುತ್ತಾಳೆ.

ಡಾಕ್ಟರು ಹೇಳಿದ್ದು ಸರಳ.
ನಿಮ್ಮದು ಎರಡನೆಯ ಬಗೆ. ಇನ್ಸುಲಿನ್ ಇಲ್ಲ, ಬರೀ ಮಾತ್ರೆ.
ಮೂರು ತಿಂಗಳಿಗೊಮ್ಮೆ ತೋಳಿನಿಂದ ರಕ್ತ ತೆಗೆಯುತ್ತೇವಲ್ಲ,
ಸರಾಸರಿ ಗೊತ್ತಾಗುತ್ತದೆ.
ದಿನಾ ಚುಚ್ಚಿಕೊಂಡರೆ ಬರುವುದು ಚಿಂತೆ ಮಾತ್ರ.
ಪಟ್ಟಿಗಳನ್ನು ಚೀಟಿಯಲ್ಲಿ ಬರೆಯಲು ಬರುವುದಿಲ್ಲ.

ಸರಾಸರಿ!
ಅವಳಿಗೆ ನಗು ಬಂತು, ನಗಲಿಲ್ಲ.
ಹರಾಜಿನ ಕಟ್ಟೆಯಲ್ಲಿ ಯಾರಾದರೂ
ಸರಾಸರಿ ಮೀನು ಕೊಂಡದ್ದುಂಟೇ?
ಈ ಪೆಟ್ಟಿಗೆಯ ಈ ಮೀನಿನ ಕಿವಿರೆತ್ತಿ ನೋಡಬೇಕು,
ಕೆಂಪಿದೆಯೋ, ಕಂದಿದೆಯೋ.

ಹಾಗಾಗಿ ಸ್ವಂತ ದುಡ್ಡು.
ಶುಕ್ರವಾರದ ಬಿಂಗೋ ಬಿಟ್ಟಳು,
ಐವತ್ತು ಪಟ್ಟಿಯ ಡಬ್ಬಿ ಬಂತು.
ಕುಲುಕಿದರೆ ಒಣ ಬೀಜದ ಸದ್ದು,
ದಿನ ಕಳೆದಂತೆ ತೆಳ್ಳಗಾಗುವ ಸದ್ದು.
ಒಂದು ಪಟ್ಟಿ ಹಾಳಾದ ದಿನ,
ರಕ್ತ ಸಾಲದು ಎಂದು ಯಂತ್ರ ಕೀರಲಿದ ದಿನ,
ಅವಳು ಯಂತ್ರಕ್ಕೆ ಬೈದ ಬೈಗುಳ
ಬಂದರಿನವರಿಗಷ್ಟೇ ಅರ್ಥವಾಗುವಂಥದ್ದು.

ಅಲ್ಲಿ ಲೆಕ್ಕ ಸಣ್ಣ ಅಂಕಿಗಳಲ್ಲಿ:
ಆರೆಂದರೆ ನೆಮ್ಮದಿ, ಹದಿಮೂರೆಂದರೆ ತಪ್ಪೊಪ್ಪಿಗೆ.
ಮೀನುಮನೆಯ ಹಳೇ ಲೆಕ್ಕದ ಪುಸ್ತಕ,
ಕಾಡ್, ಹ್ಯಾಡಕ್, ಪ್ಲೇಸ್ ಎಂದು ಅಚ್ಚಾದ ಕಾಲಂಗಳ ಕೆಳಗೆ
ಓಟ್ಸ್ ಗಂಜಿ ಹದಿಮೂರು
ಎರಡು ಮೊಟ್ಟೆ ಏಳು
ತಂಗಿಯ ಮನೆಯ ಪುಡಿಂಗು, ಅದನ್ನು ಬರೆದಿಲ್ಲ
ಕಡಲಗೋಡೆಯ ಗುಂಟ ಕ್ಲೀಥಾರ್ಪ್ಸ್‌ವರೆಗೆ ನಡೆದ ಮೇಲೆ ಆರು, ಆರಕ್ಕೆ ಎರಡು ಅಡಿಗೆರೆ.

ಮೇಲ್ಮನೆಯ ಬೊಗುಮಿವ್ ಒಂದು ಸಂಜೆ ಬಾಗಿಲು ತಟ್ಟಿದ.
ಕೈಯಲ್ಲಿ ಒಡೆಯದ ಎರಡು ಡಬ್ಬಿ.
ಹಾಲಿನಾಳವು, ಎಂದ. ಅವಳಿಗಿನ್ನು ಬೇಡವಲ್ಲ.
ಬೇರೆ ಕಂಪನಿಯವು.
ಸತ್ತವಳ ಪಟ್ಟಿ ಬದುಕಿದ್ದವಳ ಯಂತ್ರಕ್ಕೆ ಕೂರಲಿಲ್ಲ.
ಅವನಿಗೆ ಹೇಳಲಿಲ್ಲ ಗ್ಲೆನಿಸ್.
ತುಂಬಾ ಉಪಕಾರವಾಯ್ತು ಎಂದಳು,
ಚರ್ಮ ಸುಲಿದ ಹ್ಯಾಡಕ್ ಎರಡು ತುಂಡು ಕಟ್ಟಿಕೊಟ್ಟಳು,
ಡಬ್ಬಿಗಳನ್ನು ಡ್ರಾಯರಿನಲ್ಲಿಟ್ಟಳು.

ಫೆಬ್ರವರಿಯಲ್ಲಿ ಸರಾಸರಿಯೇ ಏರಿತು.
ನರ್ಸ್ ಎಫುವಾ ಲೆಕ್ಕದ ಪುಸ್ತಕ ಕೇಳಿ ಪಡೆದು
ಓದಿದಳು, ಪುಟ ತಿರುಗಿಸಿ ಮತ್ತೆ ಓದಿದಳು,
ಹೊರಗೆ ಕಾದವರು ಕೆಮ್ಮಿದರೂ.
ಹನಿಹನಿಗೂಡಿ ಹಳ್ಳ ಅಂತಾರಲ್ಲ,
ಆ ಹಳ್ಳದ ದಡದಲ್ಲಿ ಇಬ್ಬರೂ ತುಸು ಹೊತ್ತು ಕೂತರು.
ಹೊಸ ಮಾತ್ರೆ ಸೇರಿಸಿದ್ದಾರೆ, ಎಂದಳು ಎಫುವಾ.
ಇದು ಸಕ್ಕರೆಯನ್ನು ಒಮ್ಮೆಲೇ ಕೆಡವಬಹುದು.
ನೀವು ಮೀನಿನ ವ್ಯಾನ್ ಓಡಿಸುವವರು.
ಹತ್ತುವ ಮೊದಲು ನೋಡಿಕೊಳ್ಳಲೇಬೇಕು.
ಈಗ ಬರೆಯಬಹುದು.

ಕಾಯಿಲೆ ಒಂದು ಮೆಟ್ಟಿಲು ಏರಿದ್ದಕ್ಕೆ
ಡಬ್ಬಿ ಒಂದು ಮೆಟ್ಟಿಲು ಇಳಿದು ಬಂತು.
ಅಭಿನಂದನೆಯೋ ಸಂತಾಪವೋ ತಿಳಿಯದೆ
ಔಷಧಿ ಅಂಗಡಿಯ ಹುಡುಗ ಚೀಲ ಚಾಚಿದ,
ಸಹಿ ಇಲ್ಲಿ, ಎಂದ. ಕಾಸು ಕೇಳಲಿಲ್ಲ.
ಜೊತೆಗೆ ಹೊಸ ಯಂತ್ರ. ಹಳೆಯದಕ್ಕೆ ಇವೂ ಕೂರುವುದಿಲ್ಲವಂತೆ.
ಅವಳ ದುಡ್ಡಿನ ಹನ್ನೊಂದು ಪಟ್ಟಿ ಉಳಿದಿತ್ತು,
ಡ್ರಾಯರಿನಲ್ಲಿ ಹಾಲಿನಾಳ ಪಕ್ಕಕ್ಕಿಟ್ಟಳು.

ಬೆಳಗಿನ ಐದು ಗಂಟೆ. ವ್ಯಾನಿನ ಗಾಜಿನ ಮೇಲೆ ಮಂಜು,
ಹಿಂದೆ ಐಸಿನಲ್ಲಿ ಹದಿನಾಲ್ಕು ಪೆಟ್ಟಿಗೆ.
ಹೀಟರಿಗೆ ಹಿಡಿದು ಬೆರಳು ಕಾಯಿಸಿದಳು.
ಐದು ದಾಟಿದರೆ ಹೊರಡಬಹುದು, ಅದು ನಿಯಮ.
ಚುಚ್ಚಿದಳು. ಬರಲಿಲ್ಲ.
ಚುಚ್ಚಿದಳು. ಬಂತು,
ಸಾಸಿವೆಯಷ್ಟು.
ನಾಲ್ಕು ಪಾಯಿಂಟ್ ಎಂಟು.

ಗ್ಲೆನಿಸ್ ಕೀಲಿ ಹೊರತೆಗೆದು
ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು.
ಕಡಲಹಕ್ಕಿಯೊಂದು ಬಾನೆಟ್ಟಿನ ಮೇಲಿಳಿದು
ಒಳಗೆ ಇಣುಕಿತು.
ಕಾಯಬೇಕು ಮಾರಾಯಾ, ಎಂದಳು ಅದಕ್ಕೆ,
ಇನ್ನೂ ಹದಿನೈದು ನಿಮಿಷ.